ಅಳೆಯದೆ ಬಿಟ್ಟ ಬಿಗಿತ

2025ರ ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 10.40ಕ್ಕೆ ವಿದ್ಯಾನಗರದ ಶಾಲಾ ಶಿಕ್ಷಕಿ ಸಂಘಮಿತ್ರಾ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ದಾಕ್ಷಾಯಿಣಿಯವರ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟರು. ಒಳಗೆ, ಆಪರೇಷನ್ ಮಾಡಿ ಹೊರತೆಗೆದ, ಎರಡು ತುಂಡಾದ ಲೋಹದ ದಂಡ. ಮೂರು ತಿಂಗಳ ಹಿಂದೆ ಅವರ ತಾಯಿ ಸಾವಂತ್ರೆವ್ವನ ಸೊಂಟಕ್ಕೆ ಕೂಡಿಸಿದ್ದ ಕೃತಕ ಕೀಲಿನದು.

"ಬಿದ್ದಿದ್ರೇನ್ರಿ?"

"ಇಲ್ರಿ. ಚಹಾ ಸೋಸಾಕ ನಿಂತಿದ್ಲು. ಒಳಗ ಲಟಕ್ ಅಂತಂತ. ಅಷ್ಟ."

ಎಫ್‌ಐಆರ್ ದಾಖಲಾಯಿತು. ಪಂಚರೆದುರು ತುಂಡುಗಳಿಗೆ ಮೊಹರು ಬಿತ್ತು. ಆಸ್ಪತ್ರೆಯ ಕಡತದಿಂದ ತಯಾರಕರ ಹೆಸರೂ ಬ್ಯಾಚಿನ ಸಂಖ್ಯೆಯೂ ಸಿಕ್ಕವು. ಆ ಬ್ಯಾಚಿನ ಹನ್ನೆರಡು ದಂಡಗಳಲ್ಲಿ ಹನ್ನೊಂದು ಇನ್ನೂ ಜನರ ಮೈಯೊಳಗಿದ್ದವು. ದಾಕ್ಷಾಯಿಣಿ ಹನ್ನೊಂದರ ಸುತ್ತ ಪೆನ್ನಿನಿಂದ ಗೆರೆ ಎಳೆದರು. ಹಾಳೆ ಹರಿಯುವವರೆಗೂ ಎಳೆಯುತ್ತಲೇ ಇದ್ದರು.

ಮರುದಿನ 11.20ಕ್ಕೆ ಕಾರ್ಖಾನೆಯ ಪರೀಕ್ಷಾ ಕೋಣೆ. ಪರೀಕ್ಷಕ ಶಿವಯೋಗೀಶ, ವಯಸ್ಸು 52, ಯಂತ್ರದ ಪಕ್ಕ ಕೈಕಟ್ಟಿ ನಿಂತಿದ್ದ.

"ಲೋಹ ಕಾಸಿ, ಬಡದು, ಉಜ್ಜಿದ ಮ್ಯಾಲ ಒಳಗೊಂದು ಬಿಗಿತ ಉಳೀತೈತ್ರಿ. ಭಾರ ಇಲ್ಲದಿದ್ರೂ ಎಳೀತಿರ್ತೈತಿ. ಈ ಯಂತ್ರ ಎಕ್ಸ್‌ರೇ ಬಿಟ್ಟು ಅದನ್ನ ಅಳೀತೈತಿ."

"ಎಳೆತ ಹೆಚ್ಚಾದ್ರ?" ದಾಕ್ಷಾಯಿಣಿ ಕೇಳಿದರು.

"ಸೀಳ್ತೈತ್ರಿ."

ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಇಸ್ತಿಯಾಕ, ಶಿವಯೋಗೀಶನ ಸಹಿಯಿದ್ದ ಆ ಬ್ಯಾಚಿನ ಪ್ರಮಾಣಪತ್ರವನ್ನು ಗಟ್ಟಿಯಾಗಿ ಓದಿದ: "ದಿನಾಂಕ 11-10-2024. ಹನ್ನೆರಡೂ ಅಳತೆಯಲ್ಲಿ ಸರಿ ಕಂಡಿವೆ." ಅಲ್ಲಿಗೇ ನಿಂತ. "ಮೇಡಂ, ಅವತ್ತ ನಾ ಜೀಪ್ ತೊಳದು ಹೂವ ಏರಿಸಿದ್ದೆರಿ. ನೀವು ಕುಂಬಳಕಾಯಿ ಒಡದು ನನ್ನ ಅಂಗಿಗೂ ಕುಂಕಮ ಸಿಡಿಸಿದ್ರಿ. ಕಲಿ ಇನ್ನೂ ಹೋಗಿಲ್ಲ."

ಆಯುಧ ಪೂಜೆ. ಯಂತ್ರದ ಹಣೆಯ ಮೇಲೆ ಮೂರೆಳೆ ವಿಭೂತಿ ಇನ್ನೂ ಇತ್ತು.

"ಪೂಜಿ ಮಾಡಿದವ್ರು ಯಾರು?"

"ನಾನ ರಿ."

"ಪೂಜಿ ಮಾಡಿ ಯಂತ್ರ ಚಾಲೂ ಮಾಡಿದ್ರಿ?"

ಹೌದೆಂದಿದ್ದರೆ ಇನ್ನೊಂದು ದಿನವಾದರೂ ತಪ್ಪಿಸಿಕೊಳ್ಳುತ್ತಿದ್ದ. ಆ ಒಂದು ಸುಳ್ಳು ಅವನ ಬಾಯಿಗೆ ಬರಲಿಲ್ಲ.

"ಅವತ್ತ ಯಾರೂ ಮುಟ್ಟೂದಿಲ್ರಿ."

ಯಂತ್ರದ ಕಂಪ್ಯೂಟರ್ ತೆರೆಸಿ ನೋಡಿದರು. ಆ ಬ್ಯಾಚಿನ ಒಂದು ಅಳತೆಯೂ ಅದರಲ್ಲಿರಲಿಲ್ಲ. ಮಧ್ಯಾಹ್ನ 1.15ಕ್ಕೆ ಶಿವಯೋಗೀಶನ ಬಂಧನವಾಯಿತು.

ಜೀಪಿನಲ್ಲಿ ಅವನೇ ಮಾತು ಶುರುಮಾಡಿದ.

"ಎರಡು ವರ್ಷದ ಹಿಂದ ಒಂದು ಬ್ಯಾಚ್ ಕೆಟ್ಟೈತಿ ಅಂತ ಬರದೆರಿ. ದಂಡ ಉಜ್ಜೂ ಒಂಬತ್ತು ಮಂದಿನ್ನ ಕೆಲಸ ಬಿಡಿಸಿ ಮನಿಗೆ ಕಳಿಸಿದ್ರು. ಆಗಿಂದ ನನ್ನ ಜೋಡಿ ಯಾರೂ ಊಟಕ್ಕ ಕೂಡ್ರಲಿಲ್ಲ. ಡಬ್ಬಿ ತಗೊಂಡು ಹ್ವಾದ್ರ ಎದ್ದು ಹೋಗ್ತಿದ್ರು."

"ಅದಕ್ಕ?"

"ಅಳತಿ ಮಾಡಿದ್ರ ಹೇಳಬೇಕಾಗ್ತಿತ್ತರಿ. ಅದಕ್ಕ ಮಾಡ್ಲಿಲ್ಲ."

ಠಾಣೆಯಲ್ಲಿ ದಾಕ್ಷಾಯಿಣಿ ಹನ್ನೊಂದು ಹೆಸರುಗಳ ಪಟ್ಟಿ ಹಿಡಿದು ಫೋನ್ ಮಾಡುತ್ತ ಕೂತರು. ಏಳನೆಯದು ಮುಗದ ಗ್ರಾಮದ ಮುರಿಗೆವ್ವ.

"ಕಾಲು ಹೆಂಗೈತ್ರಿ, ಅಮ್ಮಾರ?"

"ಛಲೋ ಐತಿ ಯವ್ವಾ! ನೋಡು, ನಿನ್ನ ಜೋಡಿ ಮಾತಾಡಕೋಂತನ ಮಾಳಿಗಿ ಹತ್ತಾಕತ್ತೇನಿ."

"ಅಲ್ಲೇ ನಿಂದರ್ರಿ," ಎನ್ನುತ್ತ ದಾಕ್ಷಾಯಿಣಿ ಎದ್ದೇಬಿಟ್ಟರು.

ಆ ಕಡೆಯಿಂದ ಇನ್ನೊಂದು ಹೆಜ್ಜೆಯ ಸಪ್ಪಳ ಕೇಳಿಸಿತು.