ಹುಡುಕಿಕೊಂಡು ಬಂದವರು

ಅಂಗಡಿಯ ಮುಂದೆ ಹೊಸ ಬೋರ್ಡು ಏರಿಸುವಾಗ ಏಣಿ ಹಿಡಿದು ನಿಂತವನು ಅವನೇ. ಮೇಲೆ ಸುತ್ತಿದ್ದ ಕಾಗದ ಹರಿದ ಮೇಲೆ ಓದಿದ: ‘ತಂದೆ ಮತ್ತು ಮಗಳು. ಅಳತೆ ಬೂಟು, ಚಪ್ಪಲಿ.’ ರಸ್ತೆಯಾಚೆ ನಿಂತ ಚಿಕ್ಕಪ್ಪ, “ಓರೆಯಾಗಿದೆಯೇನೋ?” ಎಂದು ಕೂಗಿದರು.

“ಸರಿಯಾಗಿದೆ ಚಿಕ್ಕಪ್ಪಾ” ಎಂದ. ಓರೆಯಾಗಿತ್ತು.

ಆ ಅಂಗಡಿ ಹುಟ್ಟಿದ್ದೇ ಅವನ ಎಡಗಾಲಿನಿಂದ. ಅದು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಅಪ್ಪ ಅಮ್ಮ ಹೋದ ಮೇಲೆ ಚಿಕ್ಕಪ್ಪನ ಮನೆ ಸೇರಿದಾಗ, ಎಲ್ಲರಂತೆ ಮಾಮೂಲಿ ಬೂಟು ಹೊಲಿಯುತ್ತಿದ್ದ ಆ ಮನುಷ್ಯ ಒಂದು ಅಟ್ಟೆಗೆ ಪದರದ ಮೇಲೆ ಪದರ ಅಂಟಿಸಿ ಎತ್ತರಿಸಿ ಕೊಟ್ಟರು. ಹುಡುಗ ಕುಂಟದೆ ಶಾಲೆಗೆ ಹೋದ. ಅದನ್ನು ಕಂಡು ಅಕ್ಕಪಕ್ಕದವರು ಬಂದರು. ಆದರೆ ಊರಾಚೆಯವರನ್ನು ಕರೆತಂದವನು ಅವನು. ಈ ವಿಷಯದಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ದೊಡ್ಡ ಕಂಪನಿಗಳ ವೆಬ್‌ಸೈಟಿನಲ್ಲಿ ಡಾಕ್ಟರುಗಳ ಮಾತು ತುಂಬಿರುತ್ತಿತ್ತು. ನೋವಿರುವವರು ಡಾಕ್ಟರ ಮಾತನ್ನು ಟೈಪು ಮಾಡುವುದಿಲ್ಲ. ‘ನಡೆದರೆ ಒಂದೇ ಕಡೆ ಸೊಂಟ ನೋವು’, ‘ಒಂದು ಕಾಲು ಗಿಡ್ಡ ಬೂಟು ಎಲ್ಲಿ ಸಿಗುತ್ತೆ’ ಎಂದು ಟೈಪು ಮಾಡುತ್ತಾರೆ. ಅವನಿಗೆ ಗೊತ್ತಿತ್ತು, ಹಾಸಿಗೆಯಲ್ಲಿ ಬಿದ್ದುಕೊಂಡು ಅವನೇ ಎಷ್ಟೋ ಸಲ ಹಾಗೆ ಹುಡುಕಿದ್ದ. ಅದೇ ಮಾತುಗಳಲ್ಲಿ ಪುಟ ಬರೆದ. ಎಲ್ಲೋ ತಳದಲ್ಲಿದ್ದ ಅಂಗಡಿ ಸರ್ಚಿನ ಮೊದಲ ಸಾಲಿಗೆ ಬಂತು. ಜನ ಬಂದರು, ನೋಡಿದರು, ಹೋದರು. ಮೊದಲ ಸಾಲಿಗೆ ಬರುವುದು ಬೇರೆ, ಬಂದವರು ಕೊಳ್ಳುವುದು ಬೇರೆ ಎಂದು ಅವನಿಗೆ ಅರ್ಥವಾಯಿತು. ಫೋನ್ ನಂಬರನ್ನು ಹೆಬ್ಬೆರಳಿಗೆ ಸಿಗುವ ಜಾಗಕ್ಕೆ ತಂದ. ನಗುವ ಮಾಡೆಲ್‌ಗಳನ್ನು ಕಿತ್ತುಹಾಕಿ ತನ್ನದೇ ಸವೆದ ಎಡ ಬೂಟಿನ ಚಿತ್ರ ಹಾಕಿದ. ಆಮೇಲೆ ಫೋನು ಸುಮ್ಮನಾಗಲಿಲ್ಲ. ಹೊಲಿಗೆಯ ಮೇಸ್ತ್ರಿ ಅವನಿಗೆ ‘ಒಂದನೇ ನಂಬರು’ ಎಂದು ಹೆಸರಿಟ್ಟ.

ಅಷ್ಟರಲ್ಲಿ ಎಲ್ಲೋ ಕೆಲಸದಲ್ಲಿದ್ದ ಚಿಕ್ಕಪ್ಪನ ಮಗಳು ಆ ಕೆಲಸ ಬೇಜಾರಾಗಿ ಮನೆಗೆ ಬಂದಳು. “ಅಂಗಡಿ ಅವಳು ನೋಡ್ಕೊಳ್ಳಲಿ. ನಿನಗೆ ಹೇಗೂ ಕಂಪ್ಯೂಟರ್ ಇದೆಯಲ್ಲ” ಎಂದರು ಚಿಕ್ಕಪ್ಪ. ಆ ‘ಹೇಗೂ’ ಅವನೊಳಗೆ ಮುಳ್ಳಿನ ಹಾಗೆ ನಿಂತುಬಿಟ್ಟಿತು. ಅದಾದ ಮೇಲೆಯೇ ಆ ಹೊಸ ಬೋರ್ಡು ಏರಿದ್ದು.

ಅವನು ಜಗಳ ಮಾಡಲಿಲ್ಲ. ಜಗಳ ಮಾಡಿದವನ ಮೇಲೆ ನಾಳೆ ಅನುಮಾನ ಬರುತ್ತದೆ.

ಅವನ ಯೋಜನೆ ಸರಳವಾಗಿತ್ತು. ಕಾರ್ಡಿನಲ್ಲಿದ್ದ ವಿಳಾಸ ಟೈಪು ಮಾಡಿ ಬಂದವರಿಗೆ ಎಂದಿನ ಪುಟ ಕಾಣಬೇಕು. ಸರ್ಚ್ ಮಾಡಿ ಬಂದವರಿಗೆ ಅಂಥದ್ದೇ ಇನ್ನೊಂದು ಪುಟ ಕಾಣಬೇಕು: ಅದೇ ಬಣ್ಣ, ಅದೇ ಬೂಟು, ಬೇರೆ ಫೋನ್ ನಂಬರು. ಆ ನಂಬರು ಅವನದು. ಊರಿನ ಇನ್ನೊಂದು ತುದಿಯಲ್ಲಿ ಕೆಲಸವಿಲ್ಲದೆ ಕೂತಿದ್ದ ಹೊಲಿಗೆಯವನೊಬ್ಬನನ್ನು ಆಗಲೇ ಮಾತಾಡಿಸಿಟ್ಟಿದ್ದ. ಅಂಗಡಿಯ ಮತ್ತು ಚಿಕ್ಕಪ್ಪನ ಮನೆಯ ಇಂಟರ್‌ನೆಟ್ಟಿನಿಂದ ಯಾರು ಹೇಗೆ ಬಂದರೂ ನಿಜವಾದ ಪುಟವೇ ಕಾಣುವಂತೆ ಕಟ್ಟುನಿಟ್ಟು ಮಾಡಿದ. ಅದರ ಅಗತ್ಯವೂ ಇರಲಿಲ್ಲ. ಈ ಕೆಲಸ ಶುರುಮಾಡಿದ ಕಾಲದಲ್ಲೇ ಮನೆಯವರಿಗೆಲ್ಲ ಪಾಠ ಹೇಳಿದ್ದ: “ಜನ ಹುಡುಕಿ ಬಂದಷ್ಟೂ ನಾವು ಮೇಲಿರ್ತೀವಿ. ಆದರೆ ಅಂಗಡಿಯಿಂದ, ಮನೆಯಿಂದ ನೀವೇ ಹುಡುಕಿ ಒತ್ತಿದರೆ ಅದು ಲೆಕ್ಕಕ್ಕೆ ಬರಲ್ಲ, ಬರೀ ಗೊಂದಲ. ಸೀದಾ ಅಡ್ರೆಸ್ ಹೊಡೆದು ಬನ್ನಿ.” ಚಿಕ್ಕಪ್ಪ ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ್ದರು.

ಅವಸರ ಪಡಲಿಲ್ಲ. ಮೊದಲು ದೂರದ ಊರುಗಳಿಂದ ಬರುವವರನ್ನಷ್ಟೇ ತಿರುಗಿಸಿದ, ಆಮೇಲೆ ಹತ್ತಿರದವರನ್ನು. ಸ್ವಂತ ಊರನ್ನು ಕೊನೆಗಿಟ್ಟ. ಬಂದವರನ್ನು ಎಣಿಸುವ ಮೊದಲು ಕಸ ತೆಗೆಯುವುದು ಅವನ ಹಳೆಯ ಅಭ್ಯಾಸ. ತಾವಾಗಿ ಓಡಾಡುವ ಯಂತ್ರಗಳು, ಬೆಲೆ ಕದ್ದು ನೋಡುವ ಎದುರಾಳಿಗಳು, ಇವನ್ನೆಲ್ಲ ಲೆಕ್ಕದಿಂದ ಅಳಿಸುತ್ತಿದ್ದ. ಇದೇ ಊರಿನಿಂದ ಬೆಳಗಾದರೆ ಬರುವವನೊಬ್ಬನಿದ್ದ. ಹುಡುಕಿ ಬರುತ್ತಿದ್ದ, ಒಂದೇ ಪುಟದಲ್ಲಿ ಬಹಳ ಹೊತ್ತು ಕೂರುತ್ತಿದ್ದ, ಏನೂ ಕೊಳ್ಳದೆ ಹೋಗುತ್ತಿದ್ದ. ವರ್ಷಗಳಿಂದ ಇದೇ ಪಾಡು. ಅವನಿಗೆ ‘ನೊಣ’ ಎಂದು ಹೆಸರಿಟ್ಟು ಎಂದೋ ಅಳಿಸಿಹಾಕಿದ್ದ. ಈಗ ಅದು ಲೆಕ್ಕದಲ್ಲಿ ಕಾಣುತ್ತಲೂ ಇರಲಿಲ್ಲ.

ಅಂಗಡಿಯ ಫೋನು ಮೆಲ್ಲಗೆ ಮಂಕಾಯಿತು. ಮೊದಲು ಮಧ್ಯಾಹ್ನಗಳು ಖಾಲಿಯಾದವು, ಆಮೇಲೆ ಬೆಳಗುಗಳು. ಅಂಟಿನ ಡಬ್ಬಿ ಮುಗಿಯುವ ಮೊದಲೇ ಒಣಗಿ ಕಲ್ಲಾಗುತ್ತಿತ್ತು. ಕೆಲಸದಲ್ಲಿದ್ದ ಇಬ್ಬರಲ್ಲಿ ಒಬ್ಬನನ್ನು ಬಿಡಿಸಬೇಕಾಯಿತು. ಅವನು ಹೋಗುವಾಗ ತನ್ನ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದ.

“ಸರ್ಚ್ ಕಂಪನಿಯವರು ನಿಯಮ ಬದಲಾಯಿಸಿದ್ದಾರೆ. ಎಲ್ಲರದೂ ಬಿದ್ದಿದೆ” ಎಂದು ಅವನು ವಿವರಿಸಿದ. ಈ ಮಾತಿನ ಚಂದವೆಂದರೆ, ಅದು ಆಗಾಗ ನಿಜವೂ ಆಗಿರುತ್ತದೆ.

“ಅಣ್ಣಾ, ಏನೂ ಮಾಡಕ್ಕಾಗಲ್ವಾ?” ಎಂದು ಕೇಳಿದಳು ಮಗಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ಅವನನ್ನ ಯಾಕೆ ಪೀಡಿಸ್ತೀಯ? ಅವನೇನು ಸುಮ್ಮನೆ ಕೂತಿದ್ದಾನಾ?” ಚಿಕ್ಕಪ್ಪ ಗದರಿದರು. ಆಮೇಲೆ ಅವನ ಕಡೆ ತಿರುಗಿ, “ತಲೆ ಕೆಡಿಸ್ಕೋಬೇಡ ಕಣೋ. ಬಿದ್ದಿದ್ದು ಏಳುತ್ತೆ. ನೀನು ಸರಿಯಾಗಿ ಊಟ ಮಾಡ್ತಿಲ್ಲ” ಎಂದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ ಎಂಬುದನ್ನೂ ಅವನು ಅವರ ತಪ್ಪುಗಳ ಲೆಕ್ಕಕ್ಕೆ ಬರೆದುಕೊಂಡ.

ಆ ಬೇರೆ ನಂಬರಿನ ಫೋನು ರಿಂಗಾಗದೆ ಬ್ಯಾಗಿನಲ್ಲಿ ಬರೀ ಗುಂಯ್‌ಗುಡುತ್ತಿತ್ತು. ಹಿಂದಿನ ಓಣಿಗೆ ಹೋಗಿ ಮಾತಾಡಿ ಬರುತ್ತಿದ್ದ.

“ಒಂದನೇ ನಂಬರಿಗೆ ಯಾರೋ ಗಂಟು ಬಿದ್ದಿದ್ದಾಳೆ” ಎಂದ ಮೇಸ್ತ್ರಿ, ಬಾಯಲ್ಲಿ ದಾರ ಕಚ್ಚಿಕೊಂಡೇ. “ದಿನಕ್ಕೆ ಎಷ್ಟು ಸಲ ಅಂತ! ಪಾಪ, ಅವಳಿಗೂ ಬೇರೆ ಕೆಲಸ ಇಲ್ಲ.”

“ಕರ್ಕೊಂಡು ಬಾರೋ, ಕಾಲು ಅಳತೆ ತಗೊಳ್ಳೋಣ” ಎಂದರು ಚಿಕ್ಕಪ್ಪ. ಎಲ್ಲರೂ ನಕ್ಕರು. ಅವನೂ ನಕ್ಕ. ಆ ಫೋನಿನಲ್ಲಿ ಮಾತಾಡಿದ್ದು ತಾಯಿಯೊಬ್ಬಳು, ಮಗನ ಕಾಲಿನ ಬಗ್ಗೆ. ಮೊದಲು ಅಳತೆ ಹೇಳಮ್ಮಾ ಎಂದರೂ ಅವಳು ಹುಡುಗ ಆಟದ ಬಯಲಿನಲ್ಲಿ ಒಬ್ಬನೇ ಕೂರುತ್ತಾನೆ ಎಂಬುದನ್ನೇ ಹೇಳುತ್ತಿದ್ದಳು. ಇಂಥವರ ಮಾತನ್ನು ಚಿಕ್ಕಪ್ಪ ಪೂರ್ತಿ ಕೇಳುತ್ತಿದ್ದರು. ಅವನು ಅರ್ಧಕ್ಕೇ ತಡೆದಿದ್ದ.

ಕೊನೆಗೆ ಸ್ವಂತ ಊರಿನ ಸರದಿ ಬಂತು. ಒಂದು ಸಂಜೆ, ಎಲ್ಲರೂ ಟೀ ಕುಡಿಯುತ್ತಿದ್ದಾಗ, ಅವರ ನಡುವೆಯೇ ಕೂತು ಕಂಪ್ಯೂಟರಿನಲ್ಲಿ ಒಂದು ಸಾಲು ತಿದ್ದಿ ಮುಗಿಸಿದ. ಯಾರೂ ತಲೆಯೆತ್ತಿ ನೋಡಲಿಲ್ಲ. ಇನ್ನು ಸ್ವಲ್ಪ ದಿನದಲ್ಲಿ ಅಂಗಡಿ ಮುಚ್ಚುತ್ತದೆ, ಆಗ ತಾನೇ ಮುಂದೆ ಬಂದು ಚಿಕ್ಕಪ್ಪನನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವುದು ಎಂದೂ ಯೋಚಿಸಿದ್ದ. ಅವನು ಕೆಟ್ಟವನಲ್ಲ. ತನ್ನ ಹೊಸ ಅಂಗಡಿಯ ಬೋರ್ಡಿನ ಮೇಲೆ ಏನು ಬರೆಸಬೇಕೆಂಬುದೂ ತೀರ್ಮಾನವಾಗಿತ್ತು.

ಏಳುವಾಗ ಚಿಕ್ಕಪ್ಪ ಅವನ ಪಾದ ನೋಡಿದರು. “ಎಡಗಡೆ ಹಿಮ್ಮಡಿ ಸವೆದಿದೆ. ನಾಳೆ ಬಂದ ತಕ್ಷಣ ಬಿಚ್ಚಿಕೊಡು, ಬೇರೆ ಅಟ್ಟೆ ಹಾಕ್ತೀವಿ.”

ಮರುದಿನ ಬಂದವನೇ ಬೂಟು ಬಿಚ್ಚಿ ಮೇಸ್ತ್ರಿಗೆ ಕೊಟ್ಟು, ಕಾಲುಚೀಲದಲ್ಲೇ ಕುರ್ಚಿಯಲ್ಲಿ ಕೂತ. ಮೇಸ್ತ್ರಿ ಹಳೆಯ ಅಟ್ಟೆ ಕಿತ್ತಾಗಿತ್ತು. ಬ್ಯಾಗಿನೊಳಗೆ ಫೋನು ಎರಡು ಸಲ ಗುಂಯ್‌ಗುಟ್ಟಿ ನಿಂತಿತು. ಬೂಟಿಲ್ಲದೆ ಓಣಿಗೆ ಹೋಗುವುದೆಂತು ಎಂದು ಸುಮ್ಮನಿದ್ದ. ಅಷ್ಟರಲ್ಲಿ ಚಿಕ್ಕಪ್ಪ ಏದುಸಿರು ಬಿಡುತ್ತಾ ಬಂದರು.

“ಲೋ, ಯಾವನೋ ಕಳ್ಳ ನಮ್ಮ ಸೈಟಿಗೆ ಕೈ ಹಾಕಿದ್ದಾನೆ! ಎಲ್ಲಾ ನಮ್ಮದೇ, ನಿನ್ನ ಬೂಟಿನ ಫೋಟೋನೂ ಇದೆ, ನಂಬರ್ ಮಾತ್ರ ಬೇರೆ. ಎರಡು ಸಲ ಮಾಡಿದೆ, ಎತ್ತಲಿಲ್ಲ ಬಡ್ಡಿಮಗ.” ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಖುಷಿಯಿತ್ತು. “ನಿಂದೇನೂ ತಪ್ಪಿಲ್ಲ ಅಂತ ನಾನು ಹೇಳಿರಲಿಲ್ವಾ? ತಡಿ, ನೀನೇ ಮಾತಾಡು” ಎಂದು ಮತ್ತೆ ಒತ್ತಿ, ಫೋನನ್ನು ಅವನ ಕೈಗೆ ಚಾಚಿದರು.

ಮೇಜಿನ ಮೇಲಿದ್ದ ಬ್ಯಾಗು ಗುಂಯ್‌ಗುಟ್ಟಿತು. ಮೇಸ್ತ್ರಿಯ ಸುತ್ತಿಗೆ ನಿಂತಿತು. ಮಗಳು ಬ್ಯಾಗನ್ನು ನೋಡಿದಳು, ಅಪ್ಪನ ಕೈಯನ್ನು ನೋಡಿದಳು. ಚಿಕ್ಕಪ್ಪ ಕರೆ ಕತ್ತರಿಸಿದರು. ಬ್ಯಾಗೂ ಸುಮ್ಮನಾಯಿತು.

ಅವನು ಎದ್ದ. ಬೂಟಿಲ್ಲದ ಎಡಗಾಲಿನ ಮೇಲೆ ಮೈ ಓರೆಯಾಗಿ ವಾಲಿತು. “ಹುಡುಕಿ ಒಳಗೆ ಬರಬೇಡಿ ಅಂತ ಹೇಳಿದ್ದೆನಲ್ಲ” ಎಂಬುದಷ್ಟೇ ಅವನ ಬಾಯಿಂದ ಹೊರಟಿತು. ಚಿಕ್ಕಪ್ಪ ಫೋನನ್ನು ಜೇಬಿಗಿಟ್ಟು, ತಾವೇ ಏನೋ ತಪ್ಪು ಮಾಡಿದವರ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು: “ಅಂಗಡಿಯಿಂದ, ಮನೆಯಿಂದ ಒತ್ತಿದರೆ ಲೆಕ್ಕಕ್ಕೆ ಬರಲ್ಲ ಅಂತ ನೀನೇ ಅಂದಿದ್ದೆ. ಅದಕ್ಕೇ ದಿನಾ ಬರುವಾಗ ಬಸ್ ಸ್ಟಾಪಲ್ಲಿ ಕೂತು ಹುಡುಕ್ತಿದ್ದೆ. ನೀನು ಇದನ್ನ ಶುರುಮಾಡಿದಾಗಿನಿಂದ ಒಂದು ದಿನಾನೂ ತಪ್ಪಿಸಿಲ್ಲ. ನಿನ್ನ ಬೂಟಿನ ಫೋಟೋ ಬಂದ ತಕ್ಷಣ ಒತ್ತಿ, ನೀನು ಬರೆದಿದ್ದನ್ನ ಕೊನೇವರೆಗೂ ಓದ್ತಿದ್ದೆ. ನಿನ್ನ ಲೆಕ್ಕಕ್ಕೆ ಒಂದು ಜಾಸ್ತಿ ಆಗ್ಲಿ ಅಂತ.”