ಎಕ್ಸ್ ಪೈಪಿನ ಕೂಗು

ಮೇಲೆ ಒಂದೂವರೆ ಟನ್ ಕಾರು. ಕೆಳಗೆ ನಾನು!

ಮಧ್ಯೆ ಒಂದು ಜ್ಯಾಕು. ಅದರ ಹಿಡಿಕೆಯ ಮೇಲೆ ಒಂದು ಬೂಟುಗಾಲು.

"ಏನಪ್ಪಾ, ನನ್ನ ಗ್ಯಾರೇಜಲ್ಲಿ, ನನ್ನ ಕಾರಿನ ಕೆಳಗೆ ಏನ್ ಹುಡುಕ್ತಿದೀಯಾ?"

ಬೂಟಿನ ಒಡೆಯ ಚಾಂಪಿಯನ್. ಊರವರು ಅವನನ್ನು ಕರೆಯುವುದೇ ಹಾಗೆ. ರೇಸಿನಲ್ಲಿ ಸೋತು ಗೊತ್ತಿಲ್ಲದವನು.

"ಎಕ್ಸ್ ಪೈಪ್," ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಸಿಕ್ತಾ?"

ಇಲ್ಲ! ಕಣ್ಣೆದುರಿಗೆ ಇದ್ದದ್ದು ಎಚ್ ಪೈಪ್. ಹೊಚ್ಚ ಹೊಸದು. ನನ್ನನ್ನು ಅಣಕಿಸುವಂತೆ ಹೊಳೆಯುತ್ತಿತ್ತು.

ಈ ಎಚ್ಚು, ಎಕ್ಸು ನಿಮಗೆ ಗೊತ್ತಿಲ್ಲದಿದ್ದರೆ ಕೇಳಿ. ನನಗೂ ಗೊತ್ತಿರಲಿಲ್ಲ. ಕಳುವಾದ ಕಾರು ಹುಡುಕಿಕೊಡುವುದು ನನ್ನ ಕಸುಬು, ರಿಪೇರಿಯಲ್ಲ. ಹೇಳಿಕೊಟ್ಟವಳು ಅಕ್ಕ. ಸೈಲೆನ್ಸರ್ ಪೈಪು ಬೆಸೆಯುವುದರಲ್ಲಿ ಅವಳದು ಎತ್ತಿದ ಕೈ. ದೊಡ್ಡ ಎಂಜಿನ್ನಿನ ಎರಡು ಪಕ್ಕದಿಂದ ಎರಡು ಹೊಗೆಪೈಪು ಹಿಂದಕ್ಕೆ ಬರುತ್ತವೆ. ಅವುಗಳ ನಡುವೆ ಒಂದು ಅಡ್ಡಪೈಪು ಕೂಡಿಸಿದರೆ ಅದು ಎಚ್. ದನಿ ದಪ್ಪ, ಗುಡುಗಿನ ಹಾಗೆ. ನಿಂತಲ್ಲಿಂದಲೇ ಜಗ್ಗುವ ಶಕ್ತಿ. ಎರಡನ್ನೂ ಬಾಗಿಸಿ, ನಡುವೆ ಒಂದಾಗಿ ಹಾಯುವಂತೆ ಬೆಸೆದರೆ ಎಕ್ಸ್. ದನಿ ತೆಳು, ಚೂಪು. ಶುರುವಿನಲ್ಲಿ ಸ್ವಲ್ಪ ಸೋಮಾರಿ. ವೇಗ ಏರಿತೋ... ಹಿಡಿಯುವವರಿಲ್ಲ!

ಹಿಂದಿನ ವಾರ ಸೇತುವೆಯ ಹತ್ತಿರ ಕಪ್ಪು ಕಾರೊಂದು ಪೋಸ್ಟ್‌ಮನ್‌ನ ಹಳದಿ ಸೈಕಲ್ಲಿಗೆ ಗುದ್ದಿ ಪರಾರಿಯಾಯಿತು. ಪಾಪ, ಅವನು ಆಸ್ಪತ್ರೆಯಲ್ಲಿ, ಮಾತಿಲ್ಲ ಕತೆಯಿಲ್ಲ. ಅಂಥ ಕಾರು ಊರಲ್ಲಿ ಎರಡೇ. ಒಂದು ಚಾಂಪಿಯನ್‌ದು, ಇನ್ನೊಂದು ಅಕ್ಕನದು. ಚಾಂಪಿಯನ್ ಪರ ಸಾಕ್ಷಿ ಹೇಳಲು ಗೆಳೆಯರ ದಂಡೇ ಇತ್ತು. ಅಕ್ಕನ ಪರ ಇದ್ದದ್ದು ಮೊದಲೇ ನಜ್ಜಾಗಿದ್ದ ಬಂಪರು! ಲಾಕಪ್ಪಿಗೆ ಹೋದವಳು ಅಕ್ಕ.

ಸೇತುವೆ ಪಕ್ಕದ ಬೇಕರಿಯ ಕ್ಯಾಮರಾದಲ್ಲಿ ಕಾರು ಕಾಣಲಿಲ್ಲ, ಸದ್ದು ಮಾತ್ರ ಇತ್ತು. ಅದನ್ನು ಕೇಳಿದ್ದೇ ತಡ, ಅಕ್ಕ ಕಂಬಿ ಹಿಡಿದು ನಿಂತಳು.

"ನನ್ನ ಕಾರಲ್ಲಿರೋದು ಎಚ್ ಕಣೋ. ಇದು ಎಕ್ಸ್! ಚಾಂಪಿಯನ್‌ಗೆ ನಾನೇ ಮಾಡ್ಕೊಟ್ಟಿದ್ದು. ಹೆತ್ತ ಮಗು ಅಳೋದು ತಾಯಿಗೆ ಗೊತ್ತಾಗಲ್ವಾ?"

ಇನ್ಸ್‌ಪೆಕ್ಟರ್ ನಕ್ಕಿದ್ದ. "ಅವನು 'ನಂದು ಯಾವತ್ತೂ ಎಚ್ಚೇ' ಅಂತಾನೆ. ಪೈಪ್ ತೋರ್ಸು, ಆಮೇಲೆ ನೋಡೋಣ."

ಈಗ ಪೈಪೇ ಮಾಯ!

"ನಿನ್ನಕ್ಕ ಒಳಗೇ ಇರ್ಲಿ ಬಿಡು," ಎಂದ ಚಾಂಪಿಯನ್. "ಊಟ, ವಸತಿ ಎಲ್ಲಾ ಫ್ರೀ."

ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಭಾನುವಾರ ರೇಸಲ್ವಾ? ಎಚ್ ಹಾಕ್ಕೊಂಡು ಗೆಲ್ತೀಯಾ? ನೇರ ರಸ್ತೇಲಿ ಉಸಿರು ಕಟ್ಟುತ್ತೆ. ಹಾಲಿನ ವ್ಯಾನೂ ನಿನ್ನ ದಾಟ್ಕೊಂಡು ಹೋಗುತ್ತೆ!"



ಬೂಟು ಜ್ಯಾಕನ್ನು ಒದೆಯಿತು. ಕಾರು ಕುಸಿಯಿತು!

ದಢ್!

ಸಾಯಲಿಲ್ಲ. ಒಳಗೆ ನುಗ್ಗುವ ಮೊದಲು ಕಾರಿನಡಿಗೆ ಒಂದು ಟೈರು ತಳ್ಳಿದ್ದೆ. ಜ್ಯಾಕನ್ನು ನಂಬಬೇಡ ಎನ್ನುವುದು ಅಕ್ಕನ ಮೊದಲ ಪಾಠ. ಆ ಕಡೆಯಿಂದ ಉರುಳಿ, ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಭಾನುವಾರ. ರೇಸಿನ ಮೈದಾನ. ಇನ್ಸ್‌ಪೆಕ್ಟರನ್ನು ಕಾಡಿ ಬೇಡಿ ಕರೆತಂದಿದ್ದೆ.

"ಆ ಪೈಪನ್ನ ಯಾವಾಗ್ಲೋ ಹೊಳೆಗೆ ಎಸ್ದಿರ್ತಾನೆ ಬಿಡು," ಎಂದ.

"ಬೇರೆಯವರು ಎಸೀತಾರೆ ಸಾರ್. ಇವನಿಗೆ ಸೋಲೋದಕ್ಕಿಂತ ಜೈಲೇ ವಾಸಿ. ರೇಸಿಗೆ ಮತ್ತೆ ಅದನ್ನೇ ಹಾಕ್ತಾನೆ."

ಬಾವುಟ ಬಿತ್ತು. ಕಪ್ಪು ಕಾರು ಹೊರಟಿತು. ಮೊದಲು ಬರೀ ಗೊರಗೊರ. ತಿರುವು ದಾಟಿ ವೇಗ ಏರಿತು ನೋಡಿ... ತೆಳ್ಳಗೆ, ಚೂಪಾಗಿ, ಕಿವಿಗೆ ಸೂಜಿ ಚುಚ್ಚುವ ಕೂಗು!

ಇನ್ಸ್‌ಪೆಕ್ಟರ್ ಮೊಬೈಲಿನಲ್ಲಿ ಬೇಕರಿಯ ಸದ್ದು ಹಾಕಿದ. ಅದೇ ಕೂಗು! ಅವನ ನಗು ಇಳಿಯಿತು.

ರೇಸ್ ಮುಗಿಸಿ ಕಾರು ಹೊರಗೇಟಿನ ಎದುರು ಬಂದು ನಿಂತಿತು.

"ಗೇಟ್ ಮುಚ್ರೋ!" ಇನ್ಸ್‌ಪೆಕ್ಟರ್ ಕೂಗಿದ.

ಗೇಟಿಗೆ ಹತ್ತಿರ ಇದ್ದವನು ನಾನೊಬ್ಬನೇ. ಎಳೆದೆ. ಗಾಜಿನಾಚೆ ಚಾಂಪಿಯನ್ ನನ್ನ ಮುಖ ನೋಡಿದ. ಗುರುತು ಹಿಡಿದ.

ಕಾರು ನನ್ನ ಮೇಲೇ ನುಗ್ಗಿತು!

ನುಗ್ಗುವಾಗ ಅರೆಕ್ಷಣ ಎಂಜಿನ್ ತಡವರಿಸಿತು... ಎಕ್ಸ್‌ನ ಸೋಮಾರಿತನ! ಅಷ್ಟರಲ್ಲಿ ಪಕ್ಕಕ್ಕೆ ಹಾರಿದೆ. ಕನ್ನಡಿ ಹೆಗಲಿಗೆ ಬಡಿಯಿತು. ಕಾರು ಗೇಟಿಗೆ ಗುದ್ದಿ ನಿಂತಿತು. ಎಚ್ ಆಗಿದ್ದಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಕಾರಿನಡಿ ಬಗ್ಗಿದ. ಎಕ್ಸ್ ಪೈಪಿನ ಕಂಕುಳಲ್ಲಿ, ಬ್ರಷ್ ಹೋಗದ ಸಂದಿಯಲ್ಲಿ ಸೈಕಲ್ಲಿನ ಹಳದಿ ಪ್ಲಾಸ್ಟಿಕ್ ಮಡ್‌ಗಾರ್ಡಿನ ಚೂರು. ಬಿಸಿಗೆ ಕರಗಿ ಉಕ್ಕಿಗೇ ಅಂಟಿಕೊಂಡಿತ್ತು.

"ಯಾವತ್ತೂ ಎಚ್ಚೇ ಅಂದ್ರಲ್ಲ ಚಾಂಪಿಯನ್ ಸಾರ್?" ಎಂದೆ.

ಅವನ ಹಣೆಯಿಂದ ರಕ್ತ ಸುರಿಯುತ್ತಿತ್ತು. ಕೈಗೆ ಕೋಳ ಬಿತ್ತು. ಆದರೂ ಅವನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

"ಫಸ್ಟ್ ನಾನೇ ಬಂದೆ ತಾನೇ?"

ಸಂಜೆ ಅಕ್ಕ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಪೋಸ್ಟ್‌ಮನ್?"

"ಕಣ್ಣು ಬಿಟ್ಟ. ಉಳ್ಕೋತಾನಂತೆ."

ಅಕ್ಕ ಉದ್ದಕ್ಕೆ ಉಸಿರು ಬಿಟ್ಟಳು.

"ಪೈಪ್?"

"ಬಿರುಕು ಬಿಟ್ಟಿದೆ. ಏನೇ, ನನ್ನ ಹೆಗಲ ಮೂಳೆನೂ ಮುರಿದಿದೆ. ಅದನ್ನ ಕೇಳಲ್ವಾ?"

ಅಕ್ಕ ನನ್ನ ಕಟ್ಟಿದ ಕೈಯನ್ನು ಬೆರಳಿನಿಂದ ಹೆಗಲಿನವರೆಗೆ ಪರೀಕ್ಷಿಸಿದಳು.

"ಮೂಳೆ ತಾನಾಗೇ ಕೂಡುತ್ತೆ ಕಣೋ. ಪೈಪ್ ಕೂಡಲ್ಲ."