ಸುಳಿರೋಮದ ನೊಣಗಳು

ಸೀಸೆಗಳಲ್ಲಿ ಒಂದು ನೊಣವೂ ಅಲುಗುತ್ತಿರಲಿಲ್ಲ. ಪ್ರಯೋಗಾಲಯದ ತುಂಬ ಸೊಳ್ಳೆ ಔಷಧಿಯ ನಾತ. ಫರಂಗಿಪೇಟೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಸಂಶೋಧನಾ ವಿದ್ಯಾರ್ಥಿನಿ ಶಿಫಾನಾ ಬಾಗಿಲಲ್ಲೇ ನಿಂತುಬಿಟ್ಟಳು. ವರ್ಷಗಟ್ಟಲೆ ಸಾಕಿದ ತಳಿ!

೨೦೦೪ರಲ್ಲಿ, ಮೂಡುಬಿದಿರೆಯ ಕಾಲೇಜೊಂದರಲ್ಲಿ ನಡೆದದ್ದಿದು.

"ನಿನ್ನದೇ ಅಜಾಗರೂಕತೆ," ಎಂದರು ಅವಳ ಮಾರ್ಗದರ್ಶಕ ಹೇಮಚಂದ್ರ. "ಸೂಕ್ಷ್ಮದರ್ಶಕದಲ್ಲಿ ನಾನೇ ನೋಡಿದೆ. ಸತ್ತದ್ದು ನಿನ್ನ ಸುಳಿರೋಮದ ತಳಿಯೇ. ಇನ್ನು ನಿನಗಿಲ್ಲಿ ಕೆಲಸವಿಲ್ಲ."

"ನಾನು ಔಷಧಿ ಹೊಡೆಯಲಿಲ್ಲ ಸರ್!"

ವಿಚಾರಣೆಗೆ ಪ್ರಿನ್ಸಿಪಾಲರು ಸಸ್ಯಶಾಸ್ತ್ರದ ಅನಂತಮತಿಯವರನ್ನು ಕಳಿಸಿದರು.

"ಪ್ರಯೋಗಾಲಯದ ಬೀಗದಕೈ ಯಾರಲ್ಲೆಲ್ಲ ಉಂಟು?"

"ನನ್ನಲ್ಲಿ, ಸರ್ ಹತ್ತಿರ, ಅಂಕಿತ್ ಹತ್ತಿರ."

ಅಂಕಿತ್ ಇನ್ನೊಬ್ಬ ವಿದ್ಯಾರ್ಥಿ. ಅವನು ಸಿಡುಕಿದ: "ನಾನು ಬೆಳ್ತಂಗಡಿಯಲ್ಲಿ ಅಕ್ಕನ ಮದುವೆಯಲ್ಲಿದ್ದೆ ಮೇಡಂ!"

"ಸುಳಿರೋಮ ಅಂದರೇನಮ್ಮ?"

ಶಿಫಾನಾ ಸಿಟ್ಟಿನಲ್ಲೇ ವಿವರಿಸಿದಳು. "ನೊಣದ ರೆಕ್ಕೆಯಲ್ಲಿ ಒಂದೊಂದು ಜೀವಕೋಶದಿಂದ ಒಂದೊಂದು ರೋಮ ಏಳ್ತದೆ. ರೆಕ್ಕೆ ಬೆಳೆಯುವಾಗಲೇ ಅಕ್ಕಪಕ್ಕದ ಕೋಶಗಳು ಒಂದಕ್ಕೊಂದು ದಿಕ್ಕು ತಿಳಿಸ್ತವೆ. ಆದ್ದರಿಂದ ರೋಮಗಳೆಲ್ಲ ತುದಿಯ ಕಡೆಗೇ ಮುಖ ಮಾಡ್ತವೆ. ನನ್ನ ತಳಿಯಲ್ಲಿ ಒಂದು ಜೀನ್ ಕೆಟ್ಟು ಆ ಸುದ್ದಿ ತಲುಪುವುದಿಲ್ಲ. ದಿಕ್ಕು ತಪ್ಪಿ ರೋಮ ಸುಳಿ ಸುತ್ತಿಕೊಳ್ತದೆ."

ಅನಂತಮತಿ ಸತ್ತ ನೊಣಗಳ ರೆಕ್ಕೆ ಕಿತ್ತು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದು, ಇನ್ನೊಂದು, ಮತ್ತೊಂದು ಸೀಸೆಯದು. ತಲೆ ಎತ್ತಿದಾಗ ಅವರ ಮುಖ ಕೆಂಪಾಗಿತ್ತು.

"ಸುಳಿ ಎಲ್ಲಿ? ಎಲ್ಲ ರೋಮವೂ ನೆಟ್ಟಗೆ ತುದಿಗೇ ಬಾಗಿದೆ! ಇವು ಸಾಮಾನ್ಯ ನೊಣಗಳು. ಸೀಸೆಯ ಮೇಲಿನ ಚೀಟಿ ಮಾತ್ರ ಇವಳದು."

"ಅಂಕಿತ್ ಬದಲಿಸಿರಬಹುದು," ಎಂದರು ಹೇಮಚಂದ್ರ.

"ಸುಳಿರೋಮವನ್ನು ಕಣ್ಣಾರೆ ನೋಡಿದೆ ಅಂದದ್ದು ಅಂಕಿತ್ ಅಲ್ಲ, ನೀವು! ಸತ್ತದ್ದು ಯಾವ ನೊಣ ಅಂತ ಯಾರೂ ಪರೀಕ್ಷಿಸಲಿಲ್ಲ — ನಿಮ್ಮ ಮಾತನ್ನೇ ನಂಬಿದರು. ಹಾಗಾದರೆ ಇವಳ ತಳಿ ಎಲ್ಲಿ? ತೆಗೀರಿ ನಿಮ್ಮ ಬೀರು!"

ಹೇಮಚಂದ್ರ ಕದಲಲಿಲ್ಲ. ಅವರ ಮೇಜಿನಿಂದ ಅಂಕಿತ್ ಬೀಗದಕೈ ತೆಗೆದ. ಬೀರುವಿನೊಳಗೆ ಸಾಲು ಸೀಸೆಗಳು; ಜೀವಂತ ನೊಣಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೆಕ್ಕೆಯ ಮೇಲೆ ಸುಳಿ.

"ಇವಳನ್ನು ಓಡಿಸಿ ತಳಿಯನ್ನು ನಿಮ್ಮ ಹೆಸರಲ್ಲಿ ಪ್ರಕಟಿಸುವ ಯೋಚನೆ. ಅಲ್ಲವಾ?" ಎಂದರು ಅನಂತಮತಿ.

ಹೇಮಚಂದ್ರ ಮೆಲ್ಲಗೆ ಹೇಳಿದರು: "ಶಿಫಾನಾ, ಪದವಿ ನಾನೇ ಕೊಡಿಸ್ತೇನೆ. ವಿಷಯ ಈ ಕೋಣೆಯಲ್ಲೇ ಇರಲಿ."

ಶಿಫಾನಾ ಸೀಸೆಗಳನ್ನು ಒಂದೊಂದಾಗಿ ಟ್ರೇಗೆ ಇಟ್ಟುಕೊಂಡಳು.

"ಇರುವುದಿಲ್ಲ ಸರ್. ಪ್ರಿನ್ಸಿಪಾಲರ ಕೋಣೆಗೆ ನೀವೂ ಬನ್ನಿ. ಇವತ್ತು ನಾನು ಮಾತಾಡ್ತೇನೆ, ನೀವು ಕೇಳಿ."